ಎಳೆಯರ ಅಪರಾಧ ಮತ್ತು ಊರಿನ ಹೊಣೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಹೆಸರುಗಳನ್ನು ಒಟ್ಟಿಗೆ ಕೇಳಿದೊಡನೆ ಸಾಹಿತ್ಯಾಭ್ಯಾಸಿಗಳ ಮನಸ್ಸು ಗತಕಾಲದ ಕಡೆಗೆ ಹರಿಯುವುದು ಸಹಜ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಚಿತ್ತಾಪುರದ ಮಗ್ಗುಲಿನ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಒಂದು ಘಟಿಕಾಸ್ಥಾನವಿತ್ತು. ಅಲ್ಲಿಯ ಶಾಸನವು ವಿದ್ಯಾರ್ಥಿಗಳಿಗೆ, ಉಪಾಧ್ಯಾಯರಿಗೆ, ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರಿಗೆ ಮಾಡಿದ ಏರ್ಪಾಟನ್ನು ಹೇಳುತ್ತದೆ. ಆ ವಿದ್ಯೆ ಎಲ್ಲರ ಮಕ್ಕಳಿಗೂ ತೆರೆದಿರಲಿಲ್ಲವೆಂಬುದು ಬೇರೆಯ ಮಾತು. ಆದರೆ ಎಳೆಯರ ಪೋಷಣೆ ಅವರ ತಂದೆತಾಯಿಗಳದಷ್ಟೇ ಅಲ್ಲ, ಸಮಾಜದ್ದೂ ಹೌದೆಂಬ ತಿಳಿವಳಿಕೆ ಅದರ ಹಿಂದಿದೆ.

ಇಂದು ಇದೇ ನೆಲದಲ್ಲಿ ಸಿಮೆಂಟಿನ ಕಾರ್ಖಾನೆಗಳಿವೆ, ಪರಸಿ ಕಲ್ಲಿನ ಗಣಿಗಳಿವೆ, ಹಗಲಿರುಳು ರೈಲುಗಳು ಬಂದುಹೋಗುವ ವಾಡಿ ಜಂಕ್ಷನ್ನಿದೆ. ಚಿಂಚೋಳಿಯ ಕಡೆಯ ಹಳ್ಳಿ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವ ಕುಟುಂಬಗಳಿವೆ. ತಂದೆತಾಯಿ ಗುಳೆ ಹೋದರೆ ಮಗು ಒಂದೋ ಅವರೊಡನೆ ಶಾಲೆ ಬಿಡುತ್ತದೆ, ಇಲ್ಲವೇ ಮುದುಕರ ಬಳಿ ಉಳಿದು ಕೇಳುವವರಿಲ್ಲದೆ ಬೆಳೆಯುತ್ತದೆ. ಬಡತನವೇ ಅಪರಾಧವನ್ನು ಹುಟ್ಟಿಸುತ್ತದೆಂದು ಹೇಳುವುದು ಬಡವರಿಗೆ ಮಾಡುವ ಅನ್ಯಾಯ. ಆದರೆ ಶಾಲೆಯ ಹಾಜರಿ ಪುಸ್ತಕದಿಂದ ಜಾರಿದ ಹುಡುಗನ ಹೆಸರು ಠಾಣೆಯ ಪುಸ್ತಕವನ್ನು ಸೇರುವ ಮೊದಲು ನಡುವೆ ಕೆಲವು ತಿಂಗಳುಗಳಿರುತ್ತವೆ. ಆ ತಿಂಗಳುಗಳಲ್ಲಿ ಅವನನ್ನು ಯಾರು ಕಂಡರು, ಯಾರು ಮಾತನಾಡಿಸಿದರು ಎಂಬುದೇ ಇಂದಿನ ನನ್ನ ವಿಷಯ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಅದು 1988ರ ಸುಮಾರು. ಈ ಸೀಮೆಯ ಒಂದು ಊರಿನಲ್ಲಿ ನಾನು ಹೊಸದಾಗಿ ಅಧ್ಯಾಪಕನಾಗಿದ್ದೆ. ಒಂದು ಸಂಜೆ ನನ್ನ ಸೈಕಲ್ಲು ಕಾಣೆಯಾಯಿತು. ನಾನು ದೂರು ಕೊಟ್ಟೆ. ಮರುದಿನ ಸೈಕಲ್ಲೂ ಸಿಕ್ಕಿತು, ಒಯ್ದವನೂ ಸಿಕ್ಕಿದ. ಅವನು ನಾವು ದಿನವೂ ಚಹಾ ಕುಡಿಯುತ್ತಿದ್ದ ಹೋಟೆಲಿನ ಹುಡುಗ, ಹದಿನಾಲ್ಕರ ಮೇಲಿರಲಾರ. ಅವನನ್ನು ರಾತ್ರಿಯಿಡೀ ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದರು. ಬೆಳಗಾಗುವುದರೊಳಗೆ ಸಂತೆಗೆಲ್ಲ ಸುದ್ದಿ ಮುಟ್ಟಿತ್ತು. ಹೋಟೆಲಿನವನು ಕೆಲಸದಿಂದ ತೆಗೆದ. ಊರು ಅವನಿಗೆ ಕಳ್ಳನೆಂಬ ಹೆಸರಿಟ್ಟಿತು. ವಾರದೊಳಗೆ ಆ ಹುಡುಗ ಊರಲ್ಲಿರಲಿಲ್ಲ, ರೈಲು ಹತ್ತಿದನೆಂದರು. ಸೈಕಲ್ಲನ್ನು ಏಕೆ ಒಯ್ದನೆಂದು ಅವನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆಗ ಕಾನೂನಿರಲಿಲ್ಲವೇ? ಇತ್ತು. 1986ರ ಬಾಲ ನ್ಯಾಯ ಕಾಯಿದೆ 1987ರ ಅಕ್ಟೋಬರಿನಲ್ಲಿಯೇ ಜಾರಿಗೆ ಬಂದಿತ್ತು. ಜಾಮೀನು ಸಿಗದ ಬಾಲಕನನ್ನು ಸಹ ಠಾಣೆಯಲ್ಲಾಗಲಿ ಸೆರೆಮನೆಯಲ್ಲಾಗಲಿ ಇರಿಸಕೂಡದೆಂದು ಅದು ಹೇಳಿತ್ತು. ಎಂ.ಎ. ಮಾಡಿದ ನನಗೆ ಅದು ತಿಳಿದಿರಲಿಲ್ಲ. ಕಾನೂನು ಪುಸ್ತಕದಲ್ಲಿದ್ದು ಊರಿನ ತಿಳಿವಿನಲ್ಲಿ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಆ ಬೆಂಚು ಸಾಕ್ಷಿ.

ಇಂದು ನಡೆಯುತ್ತಿರುವುದು 2015ರ ಬಾಲ ನ್ಯಾಯ ಕಾಯಿದೆ. ಹದಿನೆಂಟು ತುಂಬದವರೆಲ್ಲರೂ ಇದರ ದೃಷ್ಟಿಯಲ್ಲಿ ಮಕ್ಕಳು. ಪ್ರತಿಯೊಂದು ಪೊಲೀಸ್ ಠಾಣೆಯಲ್ಲಿಯೂ ಸಹಾಯಕ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯಾಗಿರಬೇಕು. ಪ್ರತಿ ಜಿಲ್ಲೆಯಲ್ಲಿ ಒಂದು ವಿಶೇಷ ಬಾಲ ಪೊಲೀಸ್ ಘಟಕವಿರಬೇಕು. ಅದರ ಮುಖ್ಯಸ್ಥರು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಅವರೊಡನೆ ಮಕ್ಕಳ ಕಲ್ಯಾಣದಲ್ಲಿ ಅನುಭವವುಳ್ಳ ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲೊಬ್ಬರು ಮಹಿಳೆ. ಬಾಲ ನ್ಯಾಯ ಮಂಡಳಿಯಲ್ಲಿಯೂ ಮ್ಯಾಜಿಸ್ಟ್ರೇಟರ ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರು ಕುಳಿತುಕೊಳ್ಳುತ್ತಾರೆ. ಪೊಲೀಸರೂ ಸಮಾಜ ಕಾರ್ಯಕರ್ತರೂ ಕೂಡಿ ನಡೆಯಬೇಕೆಂಬುದು ಕೇವಲ ಸದಾಶಯವಲ್ಲ, ಶಾಸನದ ವಿಧಿ.

ವಶಕ್ಕೆ ತೆಗೆದುಕೊಂಡ ಮಗುವನ್ನು, ಪ್ರಯಾಣದ ವೇಳೆಯನ್ನು ಬಿಟ್ಟು, ಇಪ್ಪತ್ತನಾಲ್ಕು ಗಂಟೆಗಳೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೈಕೋಳ ತೊಡಿಸುವಂತಿಲ್ಲ. 2016ರ ಮಾದರಿ ನಿಯಮಗಳ ಪ್ರಕಾರ ಘೋರವಲ್ಲದ, ವಯಸ್ಕರೊಡನೆ ಸೇರಿ ಮಾಡಿರದ ತಪ್ಪುಗಳಿಗೆ ಎಫ್‌ಐಆರ್ ಬರೆಯದೆ, ಠಾಣೆಯ ದಿನಚರಿಯಲ್ಲಿ ದಾಖಲಿಸಿ, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯನ್ನು ಸಿದ್ಧಪಡಿಸಬೇಕು. ಮನೆಯ ಸ್ಥಿತಿಯೇನು, ಶಾಲೆ ಬಿಟ್ಟದ್ದೇಕೆ, ಈ ಕೃತ್ಯಕ್ಕೆ ಕಾರಣವೇನು? ನಾನು ಅಂದು ಕೇಳದೆ ಬಿಟ್ಟ ಪ್ರಶ್ನೆ ಈಗ ಸರ್ಕಾರಿ ನಮೂನೆಯೊಳಗೇ ಅಚ್ಚಾಗಿದೆ! ಮಗುವಿನ ಹೆಸರನ್ನು ಪತ್ರಿಕೆಗಳು ಪ್ರಕಟಿಸುವುದೂ ಅಪರಾಧವೇ.

ಆದರೆ ಇದೆಲ್ಲ ತಪ್ಪು ನಡೆದ ಮೇಲಿನ ಮಾತು. ಮುನ್ನವೇ ತಡೆಯುವುದು ಹೇಗೆ? ಇಂಗ್ಲೆಂಡಿನಲ್ಲಿ 1998ರ ಒಂದು ಕಾಯಿದೆಯು ಪೊಲೀಸ್, ಶಿಕ್ಷಣ, ಆರೋಗ್ಯ, ಸಮಾಜ ಸೇವೆಗಳ ಪ್ರತಿನಿಧಿಗಳನ್ನು ಒಂದೇ ತಂಡದಲ್ಲಿ ಕೂರಿಸಿತು. ಒಬ್ಬೊಬ್ಬರಿಗೆ ಹುಡುಗನ ಬಾಳಿನ ಒಂದೊಂದು ತುಣುಕು ಮಾತ್ರ ತಿಳಿದಿರುತ್ತದೆಂಬ ವಿವೇಕ ಇದರಲ್ಲಿದೆ. ಕೇರಳದಲ್ಲಿ 2010ರಲ್ಲಿ ಆರಂಭವಾದ ವಿದ್ಯಾರ್ಥಿ ಪೊಲೀಸ್ ಕೆಡೆಟ್ ಯೋಜನೆಯು 2018ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಎಂಟು, ಒಂಬತ್ತನೆಯ ತರಗತಿಯ ಮಕ್ಕಳು ಅದರ ಅಭ್ಯರ್ಥಿಗಳು. ನಮ್ಮ ರಾಜ್ಯದಲ್ಲಿ ‘ತೆರೆದ ಮನೆ’ ಎಂಬ ಕಾರ್ಯಕ್ರಮದಡಿ ಶಾಲಾಮಕ್ಕಳನ್ನು ಠಾಣೆಗೆ ಕರೆಸಿ ಅಲ್ಲಿಯ ಕೆಲಸವನ್ನು ವಿವರಿಸುತ್ತಾರೆ. ಠಾಣೆಯ ಬಾಗಿಲನ್ನು ಆರೋಪಿಯಾಗಿಯಲ್ಲದೆ ಅತಿಥಿಯಾಗಿ ದಾಟಿದ ಮಗು ಸಂಕಟ ಬಂದಾಗ ಅದೇ ಬಾಗಿಲನ್ನು ತಟ್ಟಲು ಅಂಜುವುದಿಲ್ಲ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಇಂಥ ಏರ್ಪಾಟುಗಳೆಲ್ಲ ಶಾಲೆಯಲ್ಲಿರುವ ಮಗುವನ್ನು ಮುಟ್ಟುತ್ತವೆ. ಶಾಲೆ ಬಿಟ್ಟವನನ್ನು ಮುಟ್ಟುವುದಿಲ್ಲ. ಕಾನೂನು ಕೊಟ್ಟ ಇಬ್ಬರು ಸಮಾಜ ಕಾರ್ಯಕರ್ತರು ಇಡೀ ಜಿಲ್ಲೆಗೆ ಇಬ್ಬರು. ಚಿಂಚೋಳಿಯ ತಾಂಡಾದ ಹುಡುಗ ಶಾಲೆ ತಪ್ಪಿಸಿದ್ದು ಕಲಬುರಗಿಯಲ್ಲಿರುವವರಿಗೆ ಹೇಗೆ ತಿಳಿಯಬೇಕು? ತಿಳಿಯುವುದು ಅಲ್ಲಿಯ ಮೇಷ್ಟರಿಗೆ, ಅಂಗನವಾಡಿ ಕಾರ್ಯಕರ್ತೆಗೆ, ಯುವಕ ಸಂಘದವರಿಗೆ, ಬೀಟಿನ ಪೊಲೀಸಿಗೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಮಕ್ಕಳಿಗೆ ತೆರೆದುಕೊಂಡವು. ಆ ಗ್ರಂಥಪಾಲಕರನ್ನೂ ಈ ಸಾಲಿನಲ್ಲಿ ಸೇರಿಸಬೇಕು. ನಾಗಾವಿಯ ಸರಸ್ವತೀ ಭಂಡಾರಿಗರ ವಾರಸುದಾರರು ಅವರೇ ತಾನೆ! ಇವರೆಲ್ಲ ತಿಂಗಳಿಗೊಮ್ಮೆ ಕೂಡಿ, ಯಾವ ಮಗು ಕಣ್ಣಿಗೆ ಬೀಳುತ್ತಿಲ್ಲವೆಂದು ಒಬ್ಬರನ್ನೊಬ್ಬರು ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಈ ಸಹಯೋಗ ಬೇಹುಗಾರಿಕೆಯಾಗಬಾರದು. ಯುವ ಕಾರ್ಯಕರ್ತನು ಹುಡುಗರ ಗುಟ್ಟುಗಳನ್ನು ಠಾಣೆಗೆ ಒಯ್ಯುವವನೆಂಬ ಸಂಶಯ ಒಮ್ಮೆ ಬಂದರೆ ಮತ್ತೆ ಯಾವ ಹುಡುಗನೂ ಅವನೆದುರು ಬಾಯಿ ಬಿಡಲಾರ. ಇಂಥ ಕೇರಿಯವರು, ಇಂಥ ತಾಂಡಾದವರು ಎಂದು ಸಂಶಯದ ಪಟ್ಟಿ ಬರೆಯಲು ತೊಡಗಿದರೆ ನಾವು ತಡೆಯಹೊರಟದ್ದನ್ನೇ ಬಿತ್ತಿದಂತಾಗುತ್ತದೆ. ಪೊಲೀಸರು ಪೊಲೀಸರಾಗಿಯೇ, ಕಾರ್ಯಕರ್ತರು ಕಾರ್ಯಕರ್ತರಾಗಿಯೇ ಇದ್ದು, ಮಗುವಿನ ಹಿತದಲ್ಲಿ ಮಾತ್ರ ಕೈಜೋಡಿಸಬೇಕು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಶಿಕ್ಷೆಯ ಸಮರ್ಥನೆಗಾಗಿ ಬಳಸುತ್ತ ಬಂದಿದ್ದೇವೆ. ಆದರೆ ತೋಟಗಾರನು ಗಿಡವನ್ನು ಹೊಡೆದು ಬಗ್ಗಿಸುವುದಿಲ್ಲ. ಪಕ್ಕದಲ್ಲೊಂದು ಕೋಲು ನೆಟ್ಟು, ಸಡಿಲವಾಗಿ ಕಟ್ಟಿ, ನೀರೆರೆಯುತ್ತಾನೆ. ವಾಡಿಯ ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ, ಒಂಟಿಯಾಗಿ ತಿರುಗುವ ಹುಡುಗರನ್ನು ಕಂಡರೆ ನಾನು ಈಗ ಮಾತನಾಡಿಸುತ್ತೇನೆ. ಊಟವಾಯಿತೇ, ಯಾವ ಊರು, ಎತ್ತ ಹೊರಟೆ ಎಂದು ಕೇಳುತ್ತೇನೆ. ಅಗತ್ಯ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುತ್ತೇನೆ. ಆ ಸೈಕಲ್ಲು ಎಂದೋ ತುಕ್ಕು ಹಿಡಿದು ಹೋಯಿತು. ಅದನ್ನು ಒಯ್ದವನು ಎಲ್ಲಿರುವನೋ, ಅವನಿಗೀಗ ಐವತ್ತು ದಾಟಿರಬೇಕು. ಅವನ ಹೆಸರನ್ನೂ ನಾನು ಅಂದು ಕೇಳಿ ತಿಳಿದಿರಲಿಲ್ಲ.

(ಆಕಾಶವಾಣಿ ಭಾಷಣ)