ಹೆಸರು ಸೇರಿಸಿದರೆ ಸದಸ್ಯರಾದಂತೆಯೇ? ಗೂಗಲ್ ಚಾಟ್ ಎಪಿಐ ಕುರಿತು ಒಂದು ಪಾಠಾನುಭವ

ಬೋಧನಾಭ್ಯಾಸಕ್ಕೆ ಹೋಗುವ ಮುನ್ನ ನಮ್ಮ ವಿಭಾಗದ 32 ಪ್ರಶಿಕ್ಷಣಾರ್ಥಿಗಳು ಪಾಠ ಯೋಜನೆಗಳನ್ನು ಹಂಚಿಕೊಂಡು ಚರ್ಚಿಸಲು ಗೂಗಲ್ ಚಾಟ್‌ನಲ್ಲಿ ಒಂದು ಸ್ಪೇಸ್ ತೆರೆಯಬೇಕೆಂದು ತೀರ್ಮಾನವಾಯಿತು. ಗಣಕ ವಿಜ್ಞಾನ ಓದುವವಳೆಂದು ಆ ಕೆಲಸ ನನ್ನ ಪಾಲಿಗೆ ಬಂತು. ಒಂದೊಂದೇ ಹೆಸರು ಟೈಪ್ ಮಾಡುವ ಬದಲು ಎಪಿಐ ಮೂಲಕ ಎಲ್ಲರನ್ನೂ ಸೇರಿಸಿದೆ. ಹಾಗೆ ಮಾಡುವಾಗ ಒಂದು ತಪ್ಪು ಮಾಡಿದೆ. ಅದರಿಂದ ಒಂಬತ್ತು ಸಹಪಾಠಿಗಳ ಆಂತರಿಕ ಅಂಕಕ್ಕೇ ಕುತ್ತು ಬರುವುದರಲ್ಲಿತ್ತು. ಇದೇ ವಿಷಯವನ್ನು ಆಮೇಲೆ ಸಹಪಾಠಿಗಳೆದುರು ಅಭ್ಯಾಸ ಪಾಠವಾಗಿಯೂ ಮಾಡಿದ್ದರಿಂದ ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕೆಲಸ ಹೇಳಲು ಇರುವ ನಿಗದಿತ ದಾರಿಯೇ ಎಪಿಐ. ಪರದೆಯ ಮೇಲೆ ಗುಂಡಿ ಒತ್ತಿ ಮಾಡಿಸುವುದನ್ನು ಇಲ್ಲಿ ಗೊತ್ತಾದ ನಮೂನೆಯಲ್ಲಿ ಅರ್ಜಿ ಬರೆದು ಮಾಡಿಸುತ್ತೇವೆ. ಶಾಲಾ ಕಚೇರಿಯಲ್ಲಿ ಟಿ.ಸಿ. ಕೇಳುವಾಗಿನಂತೆಯೇ: ನಮೂನೆ ಸರಿ ಇರಬೇಕು, ಯಾರ ಹೆಸರಿನಲ್ಲಿ ಎಂಬುದು ಸ್ಪಷ್ಟವಿರಬೇಕು, ಕೇಳುವವರಿಗೆ ಹಕ್ಕಿರಬೇಕು.

ಗೂಗಲ್ ಚಾಟ್‌ನಲ್ಲಿ ಸದಸ್ಯರನ್ನು ಸೇರಿಸುವ ಅರ್ಜಿ ತೀರಾ ಚಿಕ್ಕದು. ಯಾವ ಸ್ಪೇಸ್ ಎಂಬುದನ್ನು ಅದರ ಗುರುತಿನಿಂದ ತಿಳಿಸಬೇಕು. ಯಾರನ್ನು ಎಂಬುದಕ್ಕೆ 'ಯೂಸರ್ಸ್' ಎಂಬ ಪದ, ಒಂದು ಓರೆಗೆರೆ, ಆಮೇಲೆ ಅವರ ಇಮೇಲ್ ವಿಳಾಸ. ಸದಸ್ಯರು ಮನುಷ್ಯರೋ ಯಂತ್ರವೋ ಎಂದೂ ಹೇಳಬೇಕು, ಮನುಷ್ಯರಾದರೆ 'ಹ್ಯೂಮನ್'. ಒಂದು ಅರ್ಜಿಗೆ ಒಬ್ಬರೇ ಸದಸ್ಯರು. ಆದ್ದರಿಂದ 32 ಜನರಿಗೆ ಲೂಪ್ ಬರೆದು ಅದೇ ಅರ್ಜಿಯನ್ನು 32 ಬಾರಿ ಕಳುಹಿಸಿದೆ. ಸ್ಪೇಸನ್ನೇ ಇನ್ನೂ ತೆರೆಯದಿದ್ದರೆ 'ಸೆಟಪ್' ಎಂಬ ಇನ್ನೊಂದು ಕರೆ ಇದೆ. ಅದು ಸ್ಪೇಸ್ ತೆರೆದು, ತೆರೆದವರನ್ನು ಬಿಟ್ಟು 49 ಸದಸ್ಯತ್ವಗಳವರೆಗೆ ಒಮ್ಮೆಗೇ ಸೇರಿಸುತ್ತದೆ. ನನಗೆ ಅದು ತಡವಾಗಿ ತಿಳಿಯಿತು.

ಹಕ್ಕಿನ ವಿಷಯ ಸ್ವಲ್ಪ ತೊಡಕಿನದು. ವೈಯಕ್ತಿಕ ಜಿಮೇಲ್ ಖಾತೆ ಸಾಲದು, ಸಂಸ್ಥೆಯ ವರ್ಕ್‌ಸ್ಪೇಸ್ ಖಾತೆ ಬೇಕು. ಗೂಗಲ್ ಕ್ಲೌಡ್‌ನಲ್ಲಿ ಪ್ರಾಜೆಕ್ಟ್ ತೆರೆದು ಚಾಟ್ ಎಪಿಐಯನ್ನು ಚಾಲೂ ಮಾಡಬೇಕು. ಅಲ್ಲಿಗೇ ಮುಗಿಯುವುದಿಲ್ಲ. ನಮ್ಮ ಆ್ಯಪ್‌ಗೆ ಹೆಸರು, ಚಿತ್ರ, ವಿವರಣೆ ತುಂಬದಿದ್ದರೆ 'ಚಾಟ್ ಆ್ಯಪ್ ಸಿಗಲಿಲ್ಲ' ಎಂದು 404 ಬರುತ್ತದೆ. ನನ್ನ ಅರ್ಧ ದಿನ ಇಲ್ಲೇ ಹೋಯಿತು. ಪ್ರೋಗ್ರಾಂ ನನ್ನ ಪರವಾಗಿ ಕೆಲಸ ಮಾಡಲು 'ಚಾಟ್ ಮೆಂಬರ್‌ಶಿಪ್ಸ್' ಎಂಬ ಅನುಮತಿಗೆ ನಾನೇ ಒಪ್ಪಿಗೆ ಕೊಟ್ಟೆ. ಬಳಕೆದಾರರ ಪರವಾಗಿ ಅಲ್ಲದೆ ಆ್ಯಪ್ ತನ್ನ ಹೆಸರಿನಲ್ಲೇ ಸೇರಿಸಬೇಕೆಂದರೆ ಸಂಸ್ಥೆಯ ನಿರ್ವಾಹಕರ ಮಂಜೂರಾತಿ ಬೇಕು.

ಪ್ರೋಗ್ರಾಂ ಓಡಿತು. 32 ಕರೆಗಳಿಗೂ 200 ಎಂಬ ಉತ್ತರ ಬಂತು, ಅಂದರೆ ಅರ್ಜಿ ಸರಿಯಾಗಿ ನಡೆದಿದೆ. 'ಎಲ್ಲರನ್ನೂ ಸೇರಿಸಿದ್ದೇನೆ' ಎಂದು ಮೇಲ್ವಿಚಾರಕರಿಗೆ ವರದಿ ಕೊಟ್ಟೆ. ಹತ್ತು ದಿನ ಬಿಟ್ಟು ಅವರು ಚರ್ಚೆಯಲ್ಲಿ ಭಾಗವಹಿಸದವರ ಪಟ್ಟಿ ಕೇಳಿದರು. ಒಂದೂ ಮಾತು ಬರೆಯದ ಒಂಬತ್ತು ಹೆಸರು ಬರೆದು ಕೊಟ್ಟೆ, ಅವರು ಅಸಡ್ಡೆ ಮಾಡುತ್ತಿದ್ದಾರೆಂದು ಬಾಯಲ್ಲೂ ಹೇಳಿದೆ. ಅದನ್ನು ಈಗ ನೆನೆದರೂ ನಾಚಿಕೆಯಾಗುತ್ತದೆ. ಆ ಒಂಬತ್ತರಲ್ಲಿ ನನ್ನ ಕೋಣೆಯ ಗೆಳತಿಯೂ ಇದ್ದಳು. ರಾತ್ರಿ ಊಟಕ್ಕೆ ಕುಳಿತಾಗ ಕೇಳಿದಳು: "ಅಲ್ಲ ಕಣೇ, ಆ ಗುಂಪಿಗೆ ನಾನು ಸೇರೇ ಇಲ್ಲವಲ್ಲ, ಬರೆಯುವುದು ಎಲ್ಲಿ?"

ಪ್ರೋಗ್ರಾಂ ಪಡೆದಿದ್ದ ಉತ್ತರಗಳನ್ನು ಆಗ ತೆಗೆದು ಓದಿದೆ. ಪ್ರತಿ ಉತ್ತರದಲ್ಲೂ 'ಸ್ಟೇಟ್', ಅಂದರೆ ಸ್ಥಿತಿ ಎಂಬ ಅಂಕಣವಿತ್ತು. 23 ಜನರಿಗೆ ಅದು 'ಜಾಯಿನ್ಡ್', ಒಂಬತ್ತು ಜನರಿಗೆ 'ಇನ್ವೈಟೆಡ್'. ಆಹ್ವಾನ ತಾನಾಗಿಯೇ ಸ್ವೀಕೃತವಾಗುವ ವ್ಯವಸ್ಥೆ ಖಾತೆಯಲ್ಲಿದ್ದರೆ ವ್ಯಕ್ತಿ ನೇರವಾಗಿ ಸೇರುತ್ತಾರೆ. ಅದನ್ನು ನಿಲ್ಲಿಸಿದ್ದರೆ ಅವರಿಗೆ ಹೋಗುವುದು ಬರೀ ಆಹ್ವಾನ, ಅವರು ಒಪ್ಪುವವರೆಗೆ ಸದಸ್ಯರಲ್ಲ. ಎರಡಕ್ಕೂ ಕರೆ ಒಂದೇ, ಯಶಸ್ಸಿನ ಸಂಕೇತವೂ ಒಂದೇ. ಸದಸ್ಯರ ಪಟ್ಟಿ ಕೇಳುವ ಕರೆಯಲ್ಲೂ ಹೀಗೆಯೇ: 'ಆಹ್ವಾನಿತರನ್ನೂ ತೋರಿಸು' ಎಂದು ಬೇರೆಯಾಗಿ ಹೇಳದಿದ್ದರೆ ಅವರ ಹೆಸರೇ ಬರುವುದಿಲ್ಲ. ನಾನು 200 ನೋಡಿ ಸುಮ್ಮನಾಗಿದ್ದೆ, ಒಳಗಿನ ಒಂದು ಸಾಲನ್ನೂ ಓದಿರಲಿಲ್ಲ.

ಮರುದಿನವೇ ಮೇಲ್ವಿಚಾರಕರ ಬಳಿ ಹೋಗಿ ಪಟ್ಟಿ ಹಿಂದಕ್ಕೆ ಪಡೆದೆ. ಅವರು ಗದರಲಿಲ್ಲ. "ಇದನ್ನೇ ನಿಮ್ಮ ಅಭ್ಯಾಸ ಪಾಠ ಮಾಡಿ" ಎಂದರು.

ಪಾಠಕ್ಕೆ ಹಾಜರಿ ಪುಸ್ತಕದ ಉದಾಹರಣೆ ತೆಗೆದುಕೊಂಡೆ. ಪುಸ್ತಕದಲ್ಲಿ ಹೆಸರು ಇದ್ದ ಮಾತ್ರಕ್ಕೆ ಮಗು ತರಗತಿಗೆ ಬಂದಂತಾಗುವುದಿಲ್ಲ, 'ಬಂದಿದ್ದೇನೆ ಮಿಸ್' ಎಂಬ ದನಿ ಕೇಳಬೇಕು. ಪ್ರಸ್ತಾವನೆ ಚೆನ್ನಾಗಿಯೇ ಹೋಯಿತು. ಆದರೆ ಸಹಪಾಠಿಯೊಬ್ಬರು ಎದ್ದು, "ಮಗುವಿಗೆ ಹಾಜರಾಗಬೇಕಾದ ಕಟ್ಟುಪಾಡಿದೆ. ಆಹ್ವಾನ ಬಂದವರಿಗೆ ಬೇಡ ಎನ್ನುವ ಹಕ್ಕಿದೆ. ಎರಡೂ ಒಂದೇ ಹೇಗೆ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ವೀಕ್ಷಣಾ ಟಿಪ್ಪಣಿಯಲ್ಲೂ 'ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ' ಎಂದು ಬಂತು. ಮುಂದಿನ ಸಲ ಮದುವೆಯ ಕರೆಯೋಲೆಯಿಂದ ಆರಂಭಿಸುವೆ. ಕರೆಯೋಲೆ ಕೊಟ್ಟವರ ಪಟ್ಟಿಯೇ ಬೇರೆ, ಪಂಕ್ತಿಯಲ್ಲಿ ಕುಳಿತವರ ಲೆಕ್ಕವೇ ಬೇರೆ ಎಂಬುದು ಎಂಟನೆಯ ತರಗತಿಯ ಮಗುವಿಗೂ ಗೊತ್ತು. ಎಲೆ ಎಷ್ಟು ಹಾಕಬೇಕೆಂದು ಕೇಳಿದರೆ ತಾನೇ ಹೇಳುತ್ತದೆ. 401 ಮತ್ತು 403ರ ವ್ಯತ್ಯಾಸಕ್ಕೂ ಐದು ನಿಮಿಷ ಹೆಚ್ಚು ಇಡಬೇಕು. ಮೊದಲನೆಯದು 'ನೀವು ಯಾರೆಂದು ತಿಳಿಯಲಿಲ್ಲ', ಎರಡನೆಯದು 'ಯಾರೆಂದು ತಿಳಿಯಿತು, ಆದರೆ ನಿಮಗೆ ಅನುಮತಿಯಿಲ್ಲ'. ಇದನ್ನು ಓಡಿಸಿಬಿಟ್ಟೆ, ಮೌಲ್ಯಮಾಪನದ ಪ್ರಶ್ನೆಗೆ ಹೆಚ್ಚಿನವರು ತಪ್ಪು ಉತ್ತರ ಕೊಟ್ಟರು.

ಒಂಬತ್ತು ಜನರಲ್ಲಿ ಏಳು ಮಂದಿ ಆಮೇಲೆ ಆಹ್ವಾನ ಒಪ್ಪಿದರು. ಉಳಿದಿಬ್ಬರು ತಮಗೆ ಇನ್ನೊಂದು ಗುಂಪು ಬೇಡವೆಂದರು. ಅವರ ಪಾಠ ಯೋಜನೆಗಳು ಕಾಗದದಲ್ಲೇ ಬರುತ್ತಿವೆ, ಚರ್ಚೆಯ ಮುಖ್ಯ ಅಂಶಗಳನ್ನು ಶನಿವಾರ ಅವರಿಗೆ ನಾನೇ ಹೇಳುತ್ತಿದ್ದೇನೆ.