ಒಗೆಯುವ ಯಂತ್ರದ ದುರ್ಗಂಧ

ಮುಂಗಡೆ ಬಾಗಿಲುಳ್ಳ ಒಗೆಯುವ ಯಂತ್ರವು ಎಮ್ಮಿಗನೂರಿನಂತಹ ಭತ್ತದ ಸೀಮೆಯ ಮನೆಗಳಿಗೂ ಬಂದಿರುವುದು. ಅರಿವೆಗಳನ್ನು ಶುಚಿಗೊಳಿಸತಕ್ಕ ಯಂತ್ರವೇ ನಾರತೊಡಗಿದರೆ ಗೃಹಸ್ಥನು ಮಾಡುವುದೇನು? ನಮ್ಮಲ್ಲಿ ಅದನ್ನು ಮಾರಿಬಿಡುವ ಮಾತೇ ನಡೆದಿದ್ದಿತು.

ದೋಷವಿದ್ದುದು ಬಾಗಿಲಿನ ಸುತ್ತಣ ರಬ್ಬರಿನ ಮಡಿಕೆಯಲ್ಲಿ. ಬಿಡಿಸಿ ನೋಡಲು, ಕರಗದ ಸಾಬೂನುಪುಡಿ, ನೂಲೆಳೆ, ಗದ್ದೆಯ ಕೆಸರು ಇವೆಲ್ಲವೂ ಸೇರಿ ಕಪ್ಪು ಬೂಷ್ಟು ಹಿಡಿದಿದ್ದಿತು. ಸದಾ ತಣ್ಣೀರಿನ ಒಗೆತ, ಅತಿಯಾದ ಪುಡಿ, ಮುಚ್ಚಿಯೇ ಇರುವ ಬಾಗಿಲು, ಇವೇ ಅದಕ್ಕೆ ಕಾರಣ.

ಮೊದಲು ವಿದ್ಯುತ್ಸಂಪರ್ಕವನ್ನು ತಪ್ಪಿಸಿ ಮಡಿಕೆಯನ್ನು ಒದ್ದೆಬಟ್ಟೆಯಿಂದ ಒರಸಬೇಕು. ಪುಡಿ ಹಾಕುವ ಖಾನೆಯನ್ನು ಕಳಚಿ ತೊಳೆಯತಕ್ಕುದು. ಕೆಳಮೂಲೆಯ ಜರಡಿಯನ್ನು ತಿರುಗಿಸಿ ತೆಗೆಯುವಾಗ ಅಡಿಯಲ್ಲೊಂದು ತಟ್ಟೆಯಿರಲಿ. ನಿಂತ ನೀರು ಸುರಿಯುವುದು. ನಮಗೆ ಅಲ್ಲಿ ಎರಡು ಗುಂಡಿಗಳೂ ಒಂದು ರೂಪಾಯಿಯೂ ದೊರೆತವು! ಜರಡಿಯನ್ನು ತೊಳೆದು ಬಿಗಿದ ಬಳಿಕ, ಬಟ್ಟೆ ಹಾಕದೆ, 60 ಡಿಗ್ರಿಗೆ ಕಡಮೆಯಿಲ್ಲದ ಉಷ್ಣಜಲದಲ್ಲಿ ಯಂತ್ರವನ್ನೊಮ್ಮೆ ನಡೆಯಿಸಬೇಕು.

ಬೂಷ್ಟು ಬೇಗನೆ ಹೋಗಲೆಂದು ಬ್ಲೀಚಿಂಗ್ ದ್ರಾವಣಕ್ಕೆ ವಿನೆಗರನ್ನಾಗಲಿ ನಿಂಬೆಯ ರಸವನ್ನಾಗಲಿ ಬೆರಸುವವರುಂಟು. ಎಂದಿಗೂ ಕೂಡದು. ಅದರಿಂದ ಹುಟ್ಟುವ ಕ್ಲೋರಿನ್ ಅನಿಲವು ಶ್ವಾಸಕೋಶಗಳಿಗೆ ವಿಷ. ಮುಚ್ಚಿದ ಬಚ್ಚಲುಮನೆಯಲ್ಲಂತೂ ಪ್ರಾಣಾಪಾಯವೇ ಸರಿ.

ಈಗ ಒಗೆತವಾದೊಡನೆ ಮಡಿಕೆಯನ್ನೊರಸಿ ಬಾಗಿಲನ್ನು ಅರೆತೆರೆದಿಡುತ್ತೇವೆ. ಮಕ್ಕಳು ಒಳಹೊಗದಂತೆ ಕಣ್ಣಿಟ್ಟಿರಬೇಕಾಗುವುದು, ಅದೊಂದು ಹೆಚ್ಚಿನ ಕೆಲಸ.