ಅಸೆಂಬಲ್ಡ್ ಕಂಪ್ಯೂಟರ್: ವೇಗದ ಜೊತೆಗೆ ಬಿಸಿಯನ್ನೂ ಲೆಕ್ಕ ಹಾಕಿ

ಮೈಸೂರು: ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ತಂತ್ರಾಂಶಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿದ ನಂತರ ಹಳೆಯ ಡೆಸ್ಕ್‌ಟಾಪ್ ಬದಲಿಸುವ ಪ್ರಶ್ನೆ ಅನೇಕ ಮನೆಗಳಲ್ಲಿ ಎದ್ದಿದೆ. 2017ರ ಉತ್ತರಾರ್ಧಕ್ಕೆ ಮೊದಲು ಬಂದ ಬಹುತೇಕ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಬರವಣಿಗೆ, ಅಂತರ್ಜಾಲಗಳಿಗಷ್ಟೇ ಸೀಮಿತರಾದವರು ಹಳೆಯ ಯಂತ್ರದಲ್ಲೇ ಲಿನಕ್ಸ್ ಹಾಕಿಕೊಂಡು ಮುಂದುವರಿಯಬಹುದು. ಮಕ್ಕಳ ಎಂಜಿನಿಯರಿಂಗ್ ಓದಿಗೆ, ವಿಡಿಯೊ ಸಂಕಲನಕ್ಕೆ ಅಥವಾ ಆಟಕ್ಕೆ ಹೊಸ ಯಂತ್ರ ಬೇಕೆನ್ನುವವರು ಬಿಡಿಭಾಗಗಳನ್ನು ತಾವೇ ಆರಿಸಿ ಜೋಡಿಸಿಕೊಳ್ಳುವುದುಂಟು. ಹೀಗೆ ಆರಿಸುವಾಗ ಹೆಚ್ಚಿನವರು ನೋಡುವುದು ವೇಗ ಮತ್ತು ಬೆಲೆ. ಯಂತ್ರ ಹೊರಸೂಸುವ ಬಿಸಿ ಎಷ್ಟು, ಅದು ಎಲ್ಲಿಗೆ ಹೋಗಬೇಕು ಎಂಬ ಲೆಕ್ಕ ಮರೆತುಹೋಗುತ್ತದೆ.

ಹುಣಸೂರು ರಸ್ತೆಯ ಬದಿಯ ಹೂಟಗಳ್ಳಿಯಲ್ಲಿ ಈ ಲೆಕ್ಕಕ್ಕೆ ಹೆಚ್ಚಿನ ಮಹತ್ವವಿದೆ. ಕೈಗಾರಿಕಾ ಪ್ರದೇಶ ಮತ್ತು ವಸತಿ ಬಡಾವಣೆಗಳು ಇಲ್ಲಿ ಅಕ್ಕಪಕ್ಕದಲ್ಲೇ ಇವೆ; ರಸ್ತೆಯ ಧೂಳು ಕಿಟಕಿಯಿಂದ ಒಳಬರುತ್ತದೆ. ಮೈಸೂರು ಹಿತಕರ ಹವೆಯ ಊರೆಂದು ಹೆಸರಾಗಿರುವುದರಿಂದ ಹವಾನಿಯಂತ್ರಣವಿಲ್ಲದ ಮನೆಗಳೇ ಹೆಚ್ಚು. ಆದರೆ ಏಪ್ರಿಲ್ ಮಧ್ಯಾಹ್ನ ಇಲ್ಲಿಯೂ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುತ್ತದೆ. ಹಗಲಿಡೀ ಕಾದ ಆರ್‌ಸಿಸಿ ತಾರಸಿಯ ಕೆಳಗಿನ ಕೋಣೆಗೆ ರಾತ್ರಿಯೂ ಸೆಕೆ ತಪ್ಪದು.

ವಿದ್ಯುತ್ತೆಲ್ಲವೂ ಶಾಖವೇ

ಕಂಪ್ಯೂಟರ್ ಬಳಸುವ ವಿದ್ಯುತ್ ಬಹುತೇಕ ಪೂರ್ತಿಯಾಗಿ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. 300 ವ್ಯಾಟ್ ಎಳೆಯುವ ಯಂತ್ರವೆಂದರೆ ಮೇಜಿನ ಕೆಳಗೆ ಇಟ್ಟ 300 ವ್ಯಾಟ್‌ನ ಹೀಟರ್ ಎಂದೇ ತಿಳಿಯಬೇಕು. ಒಳಗಿನ ಗಾಳಿ ಹೊರಗಿನದಕ್ಕಿಂತ 10 ಡಿಗ್ರಿಗೂ ಹೆಚ್ಚು ಬಿಸಿಯಾಗಬಾರದೆಂದಾದರೆ, ಆ ಶಾಖವನ್ನು ಹೊರಹಾಕಲು ಸೆಕೆಂಡಿಗೆ 25ರಿಂದ 30 ಲೀಟರ್ ಗಾಳಿ, ಅಂದರೆ ಸುಮಾರು ಎರಡು ಬಕೆಟ್‌ನಷ್ಟು, ಪೆಟ್ಟಿಗೆಯ ಮೂಲಕ ಹಾದುಹೋಗಬೇಕು.

ಚಿಪ್ಪಿನ ಬಿಸಿ ಕೋಣೆಯ ಬಿಸಿಯೊಂದಿಗೇ ಏರುತ್ತದೆ ಎಂಬುದು ಎರಡನೆಯ ಅಂಶ. ಕೋಣೆ 24 ಡಿಗ್ರಿ ಇದ್ದಾಗ 75 ಡಿಗ್ರಿ ತೋರಿಸುವ ಪ್ರೊಸೆಸರ್, ಅದೇ ಕೆಲಸಕ್ಕೆ ಕೋಣೆ 36 ಡಿಗ್ರಿ ಇರುವಾಗ ಸುಮಾರು 87 ಡಿಗ್ರಿ ತೋರಿಸುತ್ತದೆ. ವಿದೇಶಿ ವಿಮರ್ಶೆಗಳ ಅಂಕಿಗಳು ಸಾಮಾನ್ಯವಾಗಿ 20ರಿಂದ 25 ಡಿಗ್ರಿಯ ಕೋಣೆಯಲ್ಲಿ ದಾಖಲಾದವು. ಅವುಗಳಿಗೆ ಇನ್ನೂ 10–12 ಡಿಗ್ರಿ ಸೇರಿಸಿ ಓದಿಕೊಳ್ಳುವುದು ನಮ್ಮ ಬೇಸಿಗೆಗೆ ಸರಿಹೊಂದುವ ಕ್ರಮ.

ಮಿತಿ ಮೀರಿದಾಗ ಇಂದಿನ ಚಿಪ್ಪುಗಳು ಸುಟ್ಟುಹೋಗುವುದಿಲ್ಲ. ಎಎಂಡಿ ರೈಜೆನ್ 7000 ಸರಣಿಯ ಸಾಮಾನ್ಯ ಡೆಸ್ಕ್‌ಟಾಪ್ ಮಾದರಿಗಳು 95 ಡಿಗ್ರಿಯ ಬಳಿ, ಇಂಟೆಲ್‌ನ 14ನೇ ತಲೆಮಾರಿನವು 100 ಡಿಗ್ರಿಯ ಬಳಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಪರಿಣಾಮವಾಗಿ, ಹಣ ತೆತ್ತು ಪಡೆದ ವೇಗ ಬೇಸಿಗೆಯ ಮಧ್ಯಾಹ್ನ ಬಳಕೆದಾರನ ಕೈಗೆ ಸಿಗುವುದಿಲ್ಲ.

ಪ್ರೊಸೆಸರ್: ಒಂದು ಅಕ್ಷರದ ಅಂತರ

ರೈಜೆನ್ 5 7600 ಮಾದರಿಯ ವಿದ್ಯುತ್ ಮಿತಿ 88 ವ್ಯಾಟ್. ಅದೇ ಕುಟುಂಬದ 7600ಎಕ್ಸ್ 142 ವ್ಯಾಟ್‌ವರೆಗೆ ಎಳೆಯಬಲ್ಲದು. ಎರಡರಲ್ಲೂ ಆರು ಕೋರ್‌ಗಳಿದ್ದು, ನಿತ್ಯದ ಬಳಕೆಯಲ್ಲಿ ವೇಗದ ಅಂತರ ಅತ್ಯಲ್ಪ. ಮೊದಲನೆಯದರ ಪೆಟ್ಟಿಗೆಯಲ್ಲಿ ಕೂಲರ್ ಇರುತ್ತದೆ. ಎರಡನೆಯದಕ್ಕೆ ಪ್ರತ್ಯೇಕವಾಗಿ ಕೊಳ್ಳಬೇಕು. ಇಂಟೆಲ್‌ನಲ್ಲಿ ಕೋರ್ ಐ5-12400ರ ಗರಿಷ್ಠ ಮಿತಿ 117 ವ್ಯಾಟ್ ಆಗಿದ್ದರೆ, ಐ5-14600ಕೆ ಮಾದರಿಯದು 181 ವ್ಯಾಟ್, ಐ9-14900ಕೆ ಮಾದರಿಯದು 253 ವ್ಯಾಟ್. ಹವಾನಿಯಂತ್ರಣವಿಲ್ಲದ ಕೋಣೆಗೆ ಮಿತಿ ಕಡಿಮೆಯಿರುವ ಮಾದರಿಗಳೇ ಲೇಸು. ಈಗಾಗಲೇ ಹೆಚ್ಚು ವ್ಯಾಟ್‌ನ ರೈಜೆನ್ ಕೊಂಡವರು ಬಯಾಸ್‌ನಲ್ಲಿ ‘ಇಕೋ ಮೋಡ್’ ಆರಿಸಿ ಬಿಸಿಯನ್ನು ಗಣನೀಯವಾಗಿ ತಗ್ಗಿಸಬಹುದು.

ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿರುವ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಭಾಗ ಇರುವುದಿಲ್ಲ. ಪ್ರತ್ಯೇಕ ಕಾರ್ಡ್ ಹಾಕದಿದ್ದರೆ ಪರದೆಯಲ್ಲಿ ಏನೂ ಮೂಡದು.

ಬಳಸಿದ ಪ್ರೊಸೆಸರ್ ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೋರಿ ಅಸ್ಥಿರಗೊಳ್ಳುತ್ತಿರುವುದನ್ನು ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ಪರಿಹಾರದ ಮೈಕ್ರೋಕೋಡ್ ಬಿಡುಗಡೆ ಮಾಡಿತು. ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಆದರೆ ಈಗಾಗಲೇ ಹಾನಿಗೊಂಡ ಚಿಪ್ಪನ್ನು ತಂತ್ರಾಂಶ ಸರಿಪಡಿಸಲಾರದು. ಈ ಮಾದರಿಗಳನ್ನು ಬಳಸುವವರು ಬಯಾಸ್ ನವೀಕರಿಸುವುದನ್ನು ಮುಂದೂಡಬಾರದು.

ಗಾಳಿಯೋ, ನೀರೋ?

ಗಾಳಿಯ ಕೂಲರ್‌ನ ತಾಮ್ರದ ಕೊಳವೆಗಳೊಳಗೆ ಅತ್ಯಲ್ಪ ದ್ರವವಿರುತ್ತದೆ. ಅದು ಚಿಪ್ಪಿನ ಬಳಿ ಆವಿಯಾಗಿ, ತಂಪಾದ ರೆಕ್ಕೆಗಳ ಬಳಿ ಮತ್ತೆ ದ್ರವವಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟುವ ಕ್ರಿಯೆಯೇ ಇದು. ಫ್ಯಾನ್ ಒಂದನ್ನು ಬಿಟ್ಟರೆ ಕೆಡುವ ಭಾಗವೇ ಇಲ್ಲ. ದ್ರವ ಕೂಲರ್‌ನಲ್ಲಿ ಪಂಪ್ ಇರುತ್ತದೆ. ಅದು ಸವೆಯುತ್ತದೆ, ದ್ರವವೂ ವರ್ಷಗಳು ಕಳೆದಂತೆ ನಿಧಾನವಾಗಿ ಆರುತ್ತದೆ. ಜೊತೆಗೆ, ದ್ರವ ಕೂಲರ್ ಕೂಡ ಅಂತಿಮವಾಗಿ ಶಾಖವನ್ನು ಬಿಡುವುದು ಅದೇ ಕೋಣೆಯ ಗಾಳಿಗೆ. ಕೋಣೆ 36 ಡಿಗ್ರಿ ಇದ್ದರೆ ಅದಕ್ಕಿಂತ ಕೆಳಗೆ ಇಳಿಸುವ ಶಕ್ತಿ ಎರಡಕ್ಕೂ ಇಲ್ಲ. 200 ವ್ಯಾಟ್ ದಾಟುವ ಪ್ರೊಸೆಸರ್ ಇಲ್ಲದವರಿಗೆ ನಾಲ್ಕು ಕೊಳವೆಗಳ ಉತ್ತಮ ಗಾಳಿಯ ಕೂಲರ್ ಸಾಕು.

ಕೂರಿಸುವಾಗ ತಳದಲ್ಲಿ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲು ಮರೆಯಬಾರದು. ಬಟಾಣಿ ಕಾಳಿನಷ್ಟು ಥರ್ಮಲ್ ಪೇಸ್ಟ್ ಸಾಕು. ಸ್ಕ್ರೂಗಳನ್ನು ಕರ್ಣರೇಖೆಯಲ್ಲಿ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು.

ಕ್ಯಾಬಿನೆಟ್: ಅಂದಕ್ಕಿಂತ ಉಸಿರು ಮುಖ್ಯ

ಜನ ಸಾಮಾನ್ಯವಾಗಿ ‘ಸಿಪಿಯು’ ಎಂದೇ ಕರೆಯುವ ಪೆಟ್ಟಿಗೆಯ ಮುಂಭಾಗ ಗಾಜಿನದಾಗಿದ್ದರೆ ನೋಡಲು ಚೆನ್ನ, ಆದರೆ ಗಾಳಿ ಒಳಬರುವ ದಾರಿ ಕಿರಿದಾಗುತ್ತದೆ. ಜಾಲರಿಯ ಮುಂಭಾಗ, ಅದರ ಹಿಂದೆ ತೊಳೆಯಬಹುದಾದ ಧೂಳುಜರಡಿ, ಮುಂದೆ ಎರಡು 120 ಮಿಲಿಮೀಟರ್ ಫ್ಯಾನ್, ಹಿಂದೆ ಒಂದು ಫ್ಯಾನ್ ಇರುವ ವ್ಯವಸ್ಥೆ ಇಲ್ಲಿನ ಮನೆಗಳಿಗೆ ಸೂಕ್ತ. ಒಳತಳ್ಳುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿದ್ದರೆ ಸಂದುಗಳಿಂದ ಧೂಳು ನುಸುಳುವುದು ಕಡಿಮೆಯಾಗುತ್ತದೆ.

ನಮ್ಮ ಕಂಪ್ಯೂಟರ್ ಮೇಜುಗಳಲ್ಲಿ ಈ ಪೆಟ್ಟಿಗೆಗೆಂದೇ ಮೂರು ಕಡೆ ಮುಚ್ಚಿದ ಗೂಡು ಇರುತ್ತದೆ. ಅಲ್ಲಿ ಬಿಸಿ ಗಾಳಿ ಹಿಂದಿನಿಂದ ಹೊರಬಿದ್ದು, ಸುತ್ತಿ ಬಂದು, ಮತ್ತೆ ಮುಂದಿನಿಂದ ಒಳಸೇರುತ್ತದೆ. ಪೆಟ್ಟಿಗೆಯನ್ನು ಗೂಡಿನಿಂದ ಹೊರತೆಗೆದು, ನೆಲದಿಂದ ತುಸು ಎತ್ತರದಲ್ಲಿ, ಗೋಡೆಯಿಂದ ಒಂದು ಗೇಣು ದೂರ ಇಡುವುದು ಖರ್ಚಿಲ್ಲದ ಸುಧಾರಣೆ.

ಎಸ್‌ಎಂಪಿಎಸ್ ಮತ್ತು ವಿದ್ಯುತ್ ಬಿಲ್

ಉಳಿತಾಯದ ನೆಪದಲ್ಲಿ ಕ್ಯಾಬಿನೆಟ್ ಜೊತೆಗೇ ಬರುವ ಅಗ್ಗದ ಎಸ್‌ಎಂಪಿಎಸ್ ಬಳಸುವುದು ಸಲ್ಲದು. ಅದು ಕೆಟ್ಟಾಗ ಇತರ ಭಾಗಗಳನ್ನೂ ಕೆಡಿಸಬಹುದು. ಮೇಲೆ ದೊಡ್ಡದಾಗಿ ಮುದ್ರಿಸಿದ ವ್ಯಾಟ್‌ಗಿಂತ, ಚೀಟಿಯಲ್ಲಿ 12 ವೋಲ್ಟ್ ಸಾಲಿಗೆ ಎಷ್ಟು ವ್ಯಾಟ್ ಎಂದಿದೆ ಎಂಬುದನ್ನು ನೋಡಬೇಕು. 88 ವ್ಯಾಟ್‌ನ ಪ್ರೊಸೆಸರ್, 145 ವ್ಯಾಟ್‌ನ ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡ್ ಹಾಗೂ ಇತರ ಭಾಗಗಳೆಲ್ಲ ಸೇರಿ ಸುಮಾರು 300 ವ್ಯಾಟ್ ಆಗುತ್ತದೆ. ಇದಕ್ಕೆ 550 ವ್ಯಾಟ್‌ನ ಎಸ್‌ಎಂಪಿಎಸ್ ಸಾಕು.

‘80 ಪ್ಲಸ್’ ಮುದ್ರೆ ದಕ್ಷತೆಯನ್ನು ಸೂಚಿಸುತ್ತದೆ. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಹೊರೆಗೆ ಬ್ರಾಂಜ್ ಶೇ 85, ಗೋಲ್ಡ್ ಶೇ 90 ದಕ್ಷತೆ ತೋರಬೇಕು. ಇದೇ ಲೆಕ್ಕದಲ್ಲಿ, 300 ವ್ಯಾಟ್ ಒದಗಿಸುವಾಗ ಬ್ರಾಂಜ್ ಸುಮಾರು 53 ವ್ಯಾಟ್ ಶಾಖ ಸೂಸಿದರೆ, ಗೋಲ್ಡ್ ಸುಮಾರು 33 ವ್ಯಾಟ್ ಸೂಸುತ್ತದೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ವರೆಗೆ ಮಾತ್ರ ತಾಳುವುದರಿಂದ, ಮಾನಿಟರ್ ಸೇರಿದ ಇಂಥ ಯಂತ್ರಕ್ಕೆ 1000 ವಿಎ ಆರಿಸುವುದು ಸುರಕ್ಷಿತ. ಗೋಡೆಯ ಸಾಕೆಟ್‌ಗೆ ಸರಿಯಾದ ಅರ್ಥಿಂಗ್ ಇದೆಯೇ ಎಂಬುದನ್ನೂ ಮೊದಲೇ ಪರೀಕ್ಷಿಸಿಕೊಳ್ಳಬೇಕು.

300 ವ್ಯಾಟ್ ಎಳೆಯುತ್ತ ದಿನಕ್ಕೆ ಐದು ಗಂಟೆ ದುಡಿಯುವ ಯಂತ್ರಕ್ಕೆ ತಿಂಗಳಿಗೆ 45 ಯೂನಿಟ್ ಬೇಕು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ ತೆರಬೇಕಾಗುತ್ತದೆ. 165 ಯೂನಿಟ್ ಬಳಸುವ ಮನೆಯನ್ನು ಈ ಗಡಿ ದಾಟಿಸಲು ಇಂಥ ಒಂದು ಯಂತ್ರ ಸಾಕು.

ಕೊಳ್ಳುವಾಗ

2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಬೆಲೆ ತೀವ್ರವಾಗಿ ಏರಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ‘ಕ್ರೂಷಿಯಲ್’ ಹೆಸರಿನ ಗ್ರಾಹಕ ಮಾರಾಟದಿಂದ ಹಿಂದೆ ಸರಿಯುವುದಾಗಿಯೂ ಘೋಷಿಸಿತು. ಆದ್ದರಿಂದ ಗ್ರಾಫಿಕ್ಸ್ ಕಾರ್ಡ್ ಇರುವವರು ಸದ್ಯಕ್ಕೆ 16 ಜಿಬಿಯ ಒಂದು ಪಟ್ಟಿ ಹಾಕಿ, ಇನ್ನೊಂದು ಸ್ಲಾಟ್ ಖಾಲಿ ಬಿಡಬಹುದು. ಕಾರ್ಡ್ ಇಲ್ಲದವರಿಗೆ 8 ಜಿಬಿಯ ಎರಡು ಪಟ್ಟಿಗಳೇ ಹೆಚ್ಚು ವೇಗ ಕೊಡುತ್ತವೆ.

ಮೈಸೂರಿನಲ್ಲಾಗಲಿ, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ, ಪ್ರತಿ ಭಾಗದ ಸೀರಿಯಲ್ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ ಪಡೆಯಬೇಕು. ಅಸೆಂಬಲ್ಡ್ ಯಂತ್ರಕ್ಕೆ ಒಟ್ಟಾರೆ ವಾರಂಟಿ ಇರುವುದಿಲ್ಲ. ಪ್ರತಿ ಭಾಗಕ್ಕೂ ಅದರ ತಯಾರಕರದ್ದೇ ಪ್ರತ್ಯೇಕ ವಾರಂಟಿ. ಬಿಲ್ ಇಲ್ಲದೆ ಸಿಗುವ ಅಗ್ಗದ ಆಮದು ಮಾಲಿಗೆ ಇಲ್ಲಿ ಸೇವೆ ದೊರೆಯದೇ ಹೋಗಬಹುದು.

ಜೋಡಣೆ ಮುಗಿದ ದಿನವೇ ಯಂತ್ರವನ್ನು ಅರ್ಧ ಗಂಟೆ ಪೂರ್ಣ ಹೊರೆಯಲ್ಲಿ ಓಡಿಸಿ, ಚಿಪ್ಪಿನ ಮತ್ತು ಕೋಣೆಯ ಉಷ್ಣಾಂಶಗಳೆರಡನ್ನೂ ಬರೆದಿಟ್ಟುಕೊಳ್ಳಬೇಕು. ಚಳಿಗಾಲದಲ್ಲೇ 85 ಡಿಗ್ರಿ ತಲುಪಿದರೆ ಬೇಸಿಗೆಗೆ ಉಳಿಯುವ ಅವಕಾಶ ಕಡಿಮೆ. ಅಂಗಡಿಯವರು ಬದಲಿಸಿಕೊಡುವ ಅವಧಿಯೊಳಗೇ ಕೂಲರ್ ಅಥವಾ ಫ್ಯಾನ್ ವಿಚಾರ ಇತ್ಯರ್ಥವಾಗಬೇಕು.

ಆಯುಧಪೂಜೆಯ ದಿನ ಕಂಪ್ಯೂಟರ್ ಒರೆಸಿ ಹೂವಿಡುವ ರೂಢಿ ಮೈಸೂರಿನ ಮನೆಗಳಲ್ಲಿದೆ. ಅಂದು ಹೊರಗಿನಿಂದ ಒರೆಸುವುದರ ಜೊತೆಗೆ, ವಿದ್ಯುತ್ ಸಂಪರ್ಕ ತೆಗೆದು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಬ್ಲೋವರ್‌ನಿಂದ ಒಳಗಿನ ಧೂಳನ್ನೂ ಊದಿ ತೆಗೆಯಬೇಕು. ಅರಿಶಿನ, ಕುಂಕುಮ, ನೀರು ಗಾಳಿಕಿಂಡಿಗಳಿಂದ ದೂರವಿರಲಿ. ಇದೇ ಕೆಲಸವನ್ನು ಯುಗಾದಿಗೆ ಮುನ್ನ ಇನ್ನೊಮ್ಮೆ ಮಾಡಿದರೆ, ಯಂತ್ರ ಬೇಸಿಗೆಯನ್ನು ಸ್ವಚ್ಛವಾದ ಜರಡಿಯೊಂದಿಗೆ ಎದುರಿಸುತ್ತದೆ.